ಮನೆ ಸ್ಟುಡಿಯೋಗೆ ಯುಎಸ್‌ಬಿ ಮೈಕ್ ಸಾಕೇ?

ಹತ್ತು-ಹನ್ನೆರಡು ಸಾವಿರ ರೂಪಾಯಿ ಕೈಯಲ್ಲಿಟ್ಟುಕೊಂಡು ಮನೆಯಲ್ಲೇ ಧ್ವನಿಮುದ್ರಣ ಶುರು ಮಾಡಬೇಕೆಂದಿರುವವರು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಯುಎಸ್‌ಬಿ ಮೈಕ್ ಕೊಂಡರೆ ಸಾಕೇ? ಅಥವಾ ಮೈಕ್‌ನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಡಬ್ಬಿಯಾದ ಆಡಿಯೋ ಇಂಟರ್‌ಫೇಸ್ ಒಂದನ್ನು, ಅದಕ್ಕೆ ಮೂರು ಪಿನ್ನಿನ ಕೇಬಲ್‌ನಿಂದ ಜೋಡಿಸುವ ಎಕ್ಸ್‌ಎಲ್‌ಆರ್ ಮೈಕ್ ಒಂದನ್ನು ಬೇರೆ ಬೇರೆಯಾಗಿಯೇ ಕೊಳ್ಳಬೇಕೇ?

ಪರ: ಸಾಕು, ಉಳಿದ ಹಣ ಕೋಣೆಗಿರಲಿ

ಮನೆಯಲ್ಲಿ ಮಾಡಿದ ಧ್ವನಿಮುದ್ರಣ ಕೆಡುವುದು ಹೆಚ್ಚಾಗಿ ಮೈಕ್‌ನಿಂದಲ್ಲ, ಕೋಣೆಯಿಂದ. ಈಗಿನ ನಮ್ಮ ಮನೆಗಳಲ್ಲಿ ಇರುವುದೆಲ್ಲ ಸಿಮೆಂಟ್ ಗೋಡೆ, ನುಣುಪಾದ ಟೈಲ್ಸ್ ನೆಲ, ಗಾಜಿನ ಕಿಟಕಿ. ಬಾಯಿಂದ ಹೊರಟ ಮಾತು ಅಲ್ಲೆಲ್ಲ ಬಡಿದು, ಒಂದಿಷ್ಟು ತಡವಾಗಿ ಮತ್ತೆ ಮೈಕ್ ಸೇರುತ್ತದೆ. ಕೇಳುವವರಿಗೆ ಖಾಲಿ ಹಾಲ್‌ನಲ್ಲಿ ನಿಂತು ಮಾತಾಡಿದಂತೆ ಕೇಳಿಸುವುದು ಇದರಿಂದಲೇ. ಫ್ಯಾನಿನ ಏಕತಾನದ ಸದ್ದನ್ನು ಸಾಫ್ಟ್‌ವೇರ್ ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ. ಗೋಡೆಯಿಂದ ಮರಳಿ ಬಂದ ದನಿ ಮಾತಿನೊಳಗೇ ಬೆರೆತುಹೋದ ಮೇಲೆ, ಮಾತಿಗೆ ಗಾಯವಾಗದಂತೆ ಅದನ್ನು ಬಿಡಿಸಿ ತೆಗೆಯುವುದು ಬಲು ಕಷ್ಟ. ಎಷ್ಟು ದುಬಾರಿ ಇಂಟರ್‌ಫೇಸ್ ತಂದರೂ ಈ ತೊಂದರೆ ಹೋಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 16 ಬಿಟ್ ಧ್ವನಿಮುದ್ರಣವು ಅತಿ ಸಣ್ಣ ಸದ್ದಿನಿಂದ ಅತಿ ದೊಡ್ಡ ಸದ್ದಿನವರೆಗೆ ಸುಮಾರು 96 ಡೆಸಿಬೆಲ್ ಅಂತರವನ್ನು ಹಿಡಿಯಬಲ್ಲದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿ ಹೊತ್ತಿನಲ್ಲೂ 30 ಡೆಸಿಬೆಲ್ ಆಸುಪಾಸಿನ ಸದ್ದು ಇದ್ದೇ ಇರುತ್ತದೆ. ಗೇಣುದೂರದಲ್ಲಿಟ್ಟ ಮೈಕ್‌ಗೆ ನಮ್ಮ ಮಾತು ತಲುಪುವುದು 75ರಿಂದ 80 ಡೆಸಿಬೆಲ್ ಮಟ್ಟದಲ್ಲಿ. ನಮಗೆ ನಿಜಕ್ಕೂ ದಕ್ಕುವ ಅಂತರ 45ರಿಂದ 50 ಡೆಸಿಬೆಲ್ ಮಾತ್ರ. ಯುಎಸ್‌ಬಿ ಮೈಕ್‌ನೊಳಗಿನ ಸರ್ಕೀಟು ಅದಕ್ಕೆ ಧಾರಾಳವಾಯಿತು. ಆಡಿಬಲ್‌ಗೆ ಧ್ವನಿಪುಸ್ತಕ ಒಪ್ಪಿಸುವವರಿಗೆ ಅದರ ಧ್ವನಿಪುಸ್ತಕ ತಾಣವಾದ ಎಸಿಎಕ್ಸ್ ಹಾಕಿರುವ ನಿಯಮದಲ್ಲೂ ಹೀಗೆಯೇ: ಮುದ್ರಣ ಹಿಡಿಯಬಲ್ಲ ಅತಿ ದೊಡ್ಡ ಸದ್ದನ್ನು ಸೊನ್ನೆ ಎಂದುಕೊಂಡರೆ, ಮಾತಿಲ್ಲದ ಕಡೆ ಹಿನ್ನೆಲೆ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಅತಿ ಎತ್ತರದ ದನಿ ಮೈನಸ್ 3 ದಾಟಬಾರದು. ಯಾವ ಬೆಲೆಯ ಮೈಕ್ ಎಂದು ಆ ಅಂಕಿಗಳು ಕೇಳುವುದಿಲ್ಲ. ಫ್ಯಾನ್ ಆರಿಸಿದ್ದೀರಾ, ಫ್ರಿಜ್ಜಿನ ಗೋಡೆಯಿಂದ ದೂರ ಕೂತಿದ್ದೀರಾ ಎಂದು ಕೇಳುತ್ತವೆ.

ಹಾಗಾಗಿ ಉಳಿದ ಹಣವನ್ನು ದಪ್ಪ ಪರದೆ, ಹತ್ತಿಯ ಹಾಸಿಗೆ, ಕಂಬಳಿ, ರಜಾಯಿಗಳಿಗೆ ಹಾಕಿ. ಬಹಳಷ್ಟು ಜನ ಸ್ಪಂಜಿನ ಹಾಳೆ ತಂದು ಮೈಕ್‌ನ ಹಿಂದಿನ ಗೋಡೆಗೆ ಅಂಟಿಸುತ್ತಾರೆ. ಆದರೆ ಮುಂದಿನಿಂದ ಬರುವ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಮುಖಮಾಡಿರುವುದು ನಿಮ್ಮ ಕಡೆಗೆ. ಅದಕ್ಕೆ ಚೆನ್ನಾಗಿ ಕೇಳಿಸುವುದು ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಸಿಗೆಯನ್ನು ಅಲ್ಲಿ ನಿಲ್ಲಿಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ಕೂತರೂ ಆದೀತು. ಮೊಟ್ಟೆಯ ಟ್ರೇ ಅಂಟಿಸುವುದನ್ನು ಮಾತ್ರ ಬಿಡಿ, ಆ ತೆಳು ರಟ್ಟಿಗೆ ದನಿ ಹೀರುವ ಶಕ್ತಿ ಇಲ್ಲ. ಮೈಕ್ ಹತ್ತಿರ ಬನ್ನಿ. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಉಳಿಯುತ್ತದೆ. ಅಷ್ಟು ಹತ್ತಿರದಲ್ಲಿ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ಧಪ್ ಎನ್ನುತ್ತದೆ. ಅದಕ್ಕೆ ಮೈಕನ್ನು ನೇರ ಬಾಯಿಯ ಮುಂದೆ ಇಡದೆ ತುಟಿಯ ಅಂಚಿಗೆ ಓರೆಯಾಗಿ ಇಡಬೇಕು. ಇದಕ್ಕೆಲ್ಲ ಒಂದು ಪೈಸೆಯೂ ಬೇಡ.

ಇಂಟರ್‌ಫೇಸ್ ಕೊಂಡವರ ಪಾಡನ್ನೂ ನೋಡಬೇಕು. ಸಣ್ಣ ಸದ್ದನ್ನೂ ಹಿಡಿಯುವ, ಕೆಲಸಕ್ಕೆ ವಿದ್ಯುತ್ ಬೇಕಾದ ಕಂಡೆನ್ಸರ್ ಮೈಕ್‌ಗೆ ಅದನ್ನು ಕೊಡುವ ಇಂಟರ್‌ಫೇಸ್‌ನ 48 ವೋಲ್ಟ್ ಗುಂಡಿ ಒತ್ತದೆ, ಮೈಕೇ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯುವವರಿದ್ದಾರೆ. ವಿಡಿಯೋಗಳಲ್ಲಿ ನೋಡಿ ಮನಸೋತು ಶೂರ್ ಎಸ್‌ಎಂ7ಬಿ ಎಂಬ ಮೈಕ್ ತರುವವರಿದ್ದಾರೆ. ಅದರ ದನಿ ಎಷ್ಟು ಕ್ಷೀಣವೆಂದರೆ ಸುಮಾರು 60 ಡೆಸಿಬೆಲ್ ಎತ್ತಿಕೊಡಬೇಕು. ಅಗ್ಗದ ಇಂಟರ್‌ಫೇಸ್ ಅಷ್ಟು ಎತ್ತುವಾಗ ‘ಸ್‌ಸ್’ ಎಂಬ ಸದ್ದು ಏಳುತ್ತದೆ, ಅದನ್ನು ತಪ್ಪಿಸಲು ಇನ್ನೊಂದು ಬೂಸ್ಟರ್ ಡಬ್ಬಿ ಕೊಳ್ಳಬೇಕಾಗುತ್ತದೆ. ಕಥೆ ಓದಲು ಕೂತವರು ಉಪಕರಣಗಳ ಹಿಂದೆ ಅಲೆಯತೊಡಗುತ್ತಾರೆ, ಕಥೆ ಅಲ್ಲೇ ನಿಲ್ಲುತ್ತದೆ. ನನಗೆ ಸಂಕಟವಾಗುವುದು ಇದಕ್ಕೇ.

ಯುಎಸ್‌ಬಿಯಲ್ಲೂ ಆಯ್ಕೆ ಬೇಕು, ಒಪ್ಪುತ್ತೇನೆ. ಗದ್ದಲದ ಬೀದಿಯ ಮನೆಯಾದರೆ ಕಂಡೆನ್ಸರ್ ಬದಲು ದೂರದ ಸದ್ದನ್ನು ಅಷ್ಟಾಗಿ ಹಿಡಿಯದ, ಸ್ಯಾಮ್ಸನ್ ಕ್ಯೂ2ಯು ತರಹದ ಡೈನಮಿಕ್ ಮೈಕ್ ಲೇಸು. ಅದರಲ್ಲಿ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇವೆ. ಹೆಡ್‌ಫೋನ್ ಸಿಕ್ಕಿಸುವ ಜಾಗವೂ ಮೈಕ್‌ನಲ್ಲೇ ಇರುವುದರಿಂದ ನಿಮ್ಮ ದನಿ ತಡವಿಲ್ಲದೆ ನಿಮಗೇ ಕೇಳಿಸುತ್ತದೆ. ಧ್ವನಿಮುದ್ರಣದ ಸಾಫ್ಟ್‌ವೇರ್ ಆಡಾಸಿಟಿ 2000ದಿಂದಲೂ ಉಚಿತವಾಗಿ ಸಿಗುತ್ತಿದೆ. ಇಂದು ಸಂಜೆ ತಂದರೆ ಇಂದೇ ರಾತ್ರಿ ಮೊದಲ ಅಧ್ಯಾಯ ಓದಿ ಮುಗಿಸಬಹುದು.

ವಿರೋಧ: ಸಾಲದು, ಹಾಡು ಬಂದ ಕೂಡಲೇ ಸಾಲದು

ಕೋಣೆಯ ಬಗ್ಗೆ ಮೇಲೆ ಬರೆದದ್ದರಲ್ಲಿ ನನಗೆ ತಕರಾರಿಲ್ಲ, ಹಾಸಿಗೆಯನ್ನು ಬೆನ್ನ ಹಿಂದೆಯೇ ನಿಲ್ಲಿಸಿ. ಆದರೆ ಆ ವಾದದ ಕಣ್ಣ ಮುಂದೆ ಇರುವುದು ಒಂಟಿಯಾಗಿ ಕೂತು ಓದುವ ಒಬ್ಬ ವ್ಯಕ್ತಿ. ನಮ್ಮಲ್ಲಿ ಮನೆಯಲ್ಲಿ ಧ್ವನಿಮುದ್ರಣ ಮಾಡಲು ಹೊರಡುವವರಲ್ಲಿ ಎಷ್ಟೋ ಮಂದಿ ಹಾಡುವವರು. ಭಾವಗೀತೆಗೆ ಹಾರ್ಮೋನಿಯಂ, ತಬಲ ಬೇಕು. ದೇವರನಾಮಕ್ಕೆ ಪಕ್ಕದಲ್ಲಿ ಮೃದಂಗ ಇದ್ದರೆ ಚೆನ್ನ. ಪಾಡ್‌ಕಾಸ್ಟ್ ಮಾಡುವವರೂ ಎರಡನೇ ಕಂತಿಗೇ ಅತಿಥಿಯನ್ನು ಕರೆಯುತ್ತಾರೆ. ಆಗ ಎರಡು ಮೈಕ್ ಬೇಕು, ಯುಎಸ್‌ಬಿ ಮೈಕ್ ಕೈಕೊಡುವುದು ಅಲ್ಲೇ.

ಯಾಕೆಂದರೆ ಪ್ರತಿ ಯುಎಸ್‌ಬಿ ಮೈಕ್‌ನೊಳಗೂ ಅದರದೇ ಗಡಿಯಾರವಿರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಮೈಕ್ ಸೆಕೆಂಡಿಗೆ 48,000 ಸಲ ದನಿಯನ್ನು ಅಳೆಯುತ್ತದೆ. ಆ ಎಣಿಕೆ ನಡೆಯುವುದು ಒಂದು ಪುಟ್ಟ ಸ್ಫಟಿಕದ ಮಿಡಿತದಿಂದ. ಎರಡು ಸ್ಫಟಿಕಗಳು ತದ್ವತ್ ಒಂದೇ ಆಗಿರುವುದಿಲ್ಲ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದೆ ಎಂದುಕೊಳ್ಳಿ. ಹತ್ತು ನಿಮಿಷದ ಹಾಡು ಮುಗಿಯುವ ಹೊತ್ತಿಗೆ ಎರಡು ಟ್ರ್ಯಾಕ್‌ಗಳು 30 ಮಿಲಿಸೆಕೆಂಡ್ ಆಚೀಚೆ ಆಗಿರುತ್ತವೆ. ಮಾತಿನಲ್ಲಿ ಅದನ್ನು ಸಹಿಸಬಹುದು, ತಾಳದಲ್ಲಿ ಸಾಧ್ಯವೇ ಇಲ್ಲ. ಸಮಕ್ಕೆ ಸರಿಯಾಗಿ ಬಿದ್ದ ಪೆಟ್ಟು ಎರಡಾಗಿ ಒಡೆದು ಕೇಳಿಸುತ್ತದೆ. ಪಕ್ಕವಾದ್ಯದವರು ಲಯ ತಪ್ಪಿದರು ಎಂಬ ಅಪವಾದ ನಿರಪರಾಧಿಯ ತಲೆಗೆ ಬರುತ್ತದೆ. ಒಂದೇ ಇಂಟರ್‌ಫೇಸ್‌ಗೆ ಎರಡು ಮೈಕ್ ಜೋಡಿಸಿದರೆ ಎರಡಕ್ಕೂ ಗಡಿಯಾರ ಒಂದೇ. ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನೊಂದು ವಿಷಯ ಲ್ಯಾಪ್‌ಟಾಪ್‌ನದು. ಮನೆಯ ಫ್ಯಾನ್ ಆರಿಸಿ ಎಂದರು, ಸರಿ. ಲ್ಯಾಪ್‌ಟಾಪ್‌ನೊಳಗಿನ ಫ್ಯಾನ್? ಬೇಸಿಗೆಯ ಮಧ್ಯಾಹ್ನ ಅದು ಹಾಡಿನ ನಡುವೆಯೇ ಬುಸುಗುಟ್ಟತೊಡಗುತ್ತದೆ. ಯುಎಸ್‌ಬಿ 2.0 ಕೇಬಲ್‌ನ ಮಿತಿ 5 ಮೀಟರ್, ಹಾಗಾಗಿ ಮೈಕ್ ಮತ್ತು ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ. ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಒಂದೇ ದನಿ ಎರಡು ತಂತಿಗಳಲ್ಲಿ ಉಲ್ಟಾ-ಸೀದಾ ಹರಿಯುತ್ತದೆ. ದಾರಿಯಲ್ಲಿ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗಾಟ ಎರಡರಲ್ಲೂ ಒಂದೇ ತರಹ ಇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಇಪ್ಪತ್ತು ಮೂವತ್ತು ಮೀಟರ್ ಎಳೆದರೂ ದನಿಗೆ ಊನವಿಲ್ಲ. ಲ್ಯಾಪ್‌ಟಾಪ್ ಮತ್ತು ಇಂಟರ್‌ಫೇಸ್ ಎರಡನ್ನೂ ಹಜಾರದಲ್ಲಿಟ್ಟು, ಬಾಗಿಲ ಸಂದಿನಲ್ಲಿ ಕೇಬಲ್ ತೂರಿಸಿ, ಒಳಗೆ ಕೇವಲ ಮೈಕ್ ಜೊತೆ ಕೂತು ಹಾಡಿ ನೋಡಿ. ಪರದೆ, ಕಂಬಳಿಗಳಿಂದ ಆಗದ ನಿಶ್ಶಬ್ದ ಅಲ್ಲಿ ಸಿಗುತ್ತದೆ.

ಬಾಳಿಕೆಯ ಮಾತಿಗೆ ಬರುತ್ತೇನೆ, ಕಡಿಮೆ ಹಣವಿರುವವರಿಗೆ ಇದೇ ಮುಖ್ಯವಾದದ್ದು. ಶೂರ್ ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಹಳೆಯ ಎಸ್‌ಎಂ58 ಒಂದು ಸಿಕ್ಕರೆ ಇಂದಿನ ಇಂಟರ್‌ಫೇಸ್‌ಗೆ ಜೋಡಿಸಿ ಹಾಡಬಹುದು, ಆ ಮೂರು ಪಿನ್ನುಗಳು ಬದಲಾಗಿಲ್ಲ. ಯುಎಸ್‌ಬಿ ಮೈಕ್‌ಗಳ ಕಥೆ ಹಾಗಲ್ಲ. ಮೊದಲು ಮಿನಿ, ಆಮೇಲೆ ಮೈಕ್ರೋ, ಈಗ ಟೈಪ್-ಸಿ. ಆ ಪುಟ್ಟ ಕಿಂಡಿ ಸಡಿಲಗೊಂಡರೆ ಒಳಗಿನ ಮೈಕ್ ಚೆನ್ನಾಗಿದ್ದರೂ ಇಡೀ ವಸ್ತು ಕಸ. ಎಕ್ಸ್‌ಎಲ್‌ಆರ್ ಕೇಬಲ್ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಕನೆಕ್ಟರ್ ತಂದು ಬೆಸುಗೆ ಹಾಕಿಸಿಕೊಂಡರೆ ಮುಗಿಯಿತು. ಇಂಟರ್‌ಫೇಸ್ ಹಳತಾದರೆ ಅದನ್ನಷ್ಟೇ ಮಾರಿ, ಮೈಕ್ ಉಳಿಸಿಕೊಳ್ಳಬಹುದು. ನಾಳೆ ವೀಣೆಗೆಂದು ಕಂಡೆನ್ಸರ್ ಮೈಕ್ ಬೇಕೆನಿಸಿದರೆ 48 ವೋಲ್ಟ್ ಗುಂಡಿ ಅಲ್ಲೇ ಇದೆ. ಅದನ್ನು ಒತ್ತಲು ಮರೆಯುವವರು ಒಮ್ಮೆ ಮರೆಯುತ್ತಾರೆ, ಕಲಿಯುತ್ತಾರೆ. ಹಾಡು ಕಲಿಯುವವರಿಗೆ ಇದೇನು ಮಹಾ ಕಷ್ಟವಲ್ಲ.

ಎರಡೂ ಬಗೆಯ ಕಿಂಡಿಯಿರುವ ಮೈಕ್ ಕೊಳ್ಳಿ ಎಂಬ ಸಲಹೆ ಮೇಲಿದೆಯಲ್ಲ, ಆ ಎಕ್ಸ್‌ಎಲ್‌ಆರ್ ಕಿಂಡಿ ಇರುವುದು ಮುಂದೊಂದು ದಿನ ಇಂಟರ್‌ಫೇಸ್ ಬೇಕಾಗುತ್ತದೆ ಎಂಬುದಕ್ಕೇ. ಹಾಗಿದ್ದ ಮೇಲೆ ಆ ದಿನಕ್ಕೆ ಕಾಯುವುದೇಕೆ? ಬೆಹ್ರಿಂಗರ್ ಯುಎಂ2 ತರಹದ ಒಂದೇ ಮೈಕ್‌ನ ಇಂಟರ್‌ಫೇಸ್, ಕೈಯಲ್ಲಿ ಹಿಡಿದು ಹಾಡುವಂಥ ಸಾದಾ ಡೈನಮಿಕ್ ಮೈಕ್, ಕೇಬಲ್ ಮತ್ತು ಸ್ಟ್ಯಾಂಡ್, ಇಷ್ಟೂ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತವೆ. ಎಸ್‌ಎಂ7ಬಿ ತಂಟೆಗೆ ಹೋಗಬೇಡಿ, ಅಷ್ಟರ ಮಟ್ಟಿಗೆ ಎದುರು ಪಕ್ಷದ ಎಚ್ಚರಿಕೆ ಸರಿ. ತಬಲದವರು ಮೊದಲ ದಿನದಿಂದಲೇ ಜೊತೆಗಿದ್ದರೆ ಇನ್ನೊಂದಿಷ್ಟು ಕಾಲ ಹಣ ಕೂಡಿಸಿ, ಎರಡು ಮೈಕ್ ಹಿಡಿಸುವ ಇಂಟರ್‌ಫೇಸ್‌ಗಳಾದ ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಅಥವಾ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಿಸಿಕೊಳ್ಳಿ. ಅಲ್ಲಿಯವರೆಗೆ ಅಭ್ಯಾಸದ ಧ್ವನಿಮುದ್ರಣಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು, ಅದಕ್ಕಾಗಿ ಯುಎಸ್‌ಬಿ ಮೈಕ್ ಕೊಳ್ಳಬೇಕಾಗಿಲ್ಲ.