ತೊಡೆ ತಟ್ಟಿದವರೆಲ್ಲ ಗೆಲ್ಲಲ್ಲ

ಓಹಾಯೋದಲ್ಲಿ ಇದ್ದುಕೊಂಡು ಕಾಲೇಜ್ ಫುಟ್‌ಬಾಲ್ ಬಗ್ಗೆ ಅಭಿಪ್ರಾಯ ಇಲ್ಲ ಅಂದರೆ ಜನ ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಹಾಗಾಗಿ ನಾನೂ ಒಂದು ಅಭಿಪ್ರಾಯ ಇಟ್ಟುಕೊಂಡಿದ್ದೇನೆ. ಇವತ್ತು ಅದನ್ನು ಬರೆದುಬಿಡುತ್ತೇನೆ, ಬಕ್‌ಐ (ಅಂದರೆ ಇಲ್ಲಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡದ) ಅಭಿಮಾನಿಗಳು ಬೈಯುವುದಿದ್ದರೆ ಕೆಳಗೆ ಜಾಗ ಇದೆ.

ಊರಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿ, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಎರಡೂ ಕಡೆ ಮುಂದಿನ ಸಾಲಿನಲ್ಲಿ ನಿಲ್ಲುವ ಹುಡುಗರು ನೂರಮೂವತ್ತು, ನೂರನಲವತ್ತು ಕೆಜಿ ಇರುತ್ತಾರೆ. ಇಂಥ ಆಟದಲ್ಲಿ ಗಟ್ಟಿತನ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಗಟ್ಟಿತನ ಇರುವುದು ಒಂದು, ಅದನ್ನು ನಾಲ್ಕು ಜನರ ಮುಂದೆ ತೋರಿಸಬೇಕು ಅನ್ನುವ ಹಠ ಇನ್ನೊಂದು. ಈ ಹಠಕ್ಕೆ ಬಿದ್ದ ತಂಡಗಳು ಆಟ ಮರೆಯುತ್ತವೆ. ಕೋಚ್‌ಗಳು ಬಿದ್ದರೆ ಹುಡುಗರ ಪ್ರಾಣವೇ ಹೋಗುತ್ತದೆ.

ನಮ್ಮ ಊರಿನ ತಂಡದ ಕಥೆಯನ್ನೇ ನೋಡಿ. 2021ರಲ್ಲಿ ಪಕ್ಕದ ರಾಜ್ಯದ ಬದ್ಧ ಎದುರಾಳಿ ಮಿಷಿಗನ್ ತಂಡ ಓಹಾಯೋ ಸ್ಟೇಟ್ ಅನ್ನು 42-27ರಿಂದ ಸೋಲಿಸಿತು. ಚೆಂಡು ಹಿಡಿದು ಓಡಿಯೇ 297 ಗಜ ಗಳಿಸಿದರು, ಅಂದರೆ ಮುಂದಿನ ಸಾಲನ್ನು ತಳ್ಳಿಕೊಂಡೇ ಹೋದರು. ಆಮೇಲೆ ಮಿಷಿಗನ್‌ನ ಕೋಚ್ ಒಬ್ಬರು ಓಹಾಯೋ ಸ್ಟೇಟ್ ನಾಜೂಕಿನ ತಂಡ, ಗಟ್ಟಿ ತಂಡ ಅಲ್ಲ ಎಂದುಬಿಟ್ಟರು. ಆ ಮಾತು ಇಲ್ಲಿನ ಹೆಡ್ ಕೋಚ್ ರಯಾನ್ ಡೇ ಅವರಿಗೆ ಎಷ್ಟು ಚುಚ್ಚಿತ್ತು ಅನ್ನುವುದು 2023ರ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು. ನೋಟರ್ ಡೇಮ್ ಜೊತೆ ಮ್ಯಾಚ್ ಇತ್ತು. ಆ ಕಾಲೇಜಿನ ಹಳೆಯ ಕೋಚ್, 86 ವರ್ಷದ ಲೂ ಹೋಲ್ಟ್ಜ್, ಮ್ಯಾಚಿಗೆ ಮೊದಲು ಟಿವಿಯಲ್ಲಿ ಇದೇ ರಾಗ ತೆಗೆದರು: ಓಹಾಯೋ ಸ್ಟೇಟ್ ಸೋತಾಗೆಲ್ಲ ಎದುರಾಳಿಗಳ ಮೈಬಲಕ್ಕೇ ಸೋತಿದೆ ಅಂತ.

ಮ್ಯಾಚ್ ನಡೆಯಿತು. ಗಡಿಯಾರದಲ್ಲಿ ಒಂದು ಸೆಕೆಂಡ್ ಉಳಿದಿದ್ದಾಗ ಓಹಾಯೋ ಸ್ಟೇಟ್ ಒಂದು ಗಜ ನುಗ್ಗಿ 17-14ರಿಂದ ಗೆದ್ದಿತು. ಡೇ ಸಾಹೇಬರು ಮೈಕ್ ಸಿಕ್ಕ ತಕ್ಷಣ ಕೂಗಾಡಿದರು. ಲೂ ಹೋಲ್ಟ್ಜ್ ಈಗ ಏನು ಹೇಳ್ತಾರೆ ಅನ್ನುವ ಧಾಟಿಯಲ್ಲಿ, ಮುಖ ಕೆಂಪಗೆ ಮಾಡಿಕೊಂಡು. ಮ್ಯಾಚ್ ಗೆದ್ದವರು ಎಂಬತ್ತಾರರ ಅಜ್ಜನ ಮೇಲೆ ಹರಿಹಾಯುವುದು ನೋಡೋಕೆ ಒಂಥರಾ ಮಜಾ ಇತ್ತು. ಆದರೆ ಆಮೇಲೆ ಹೊರಬಂದ ಸಂಗತಿ ಇನ್ನೂ ಮಜಾ. ಓಹಾಯೋ ಸ್ಟೇಟ್ ಕೊನೆಗೆ ಚೆಂಡು ಆಡಿದ ಎರಡು ಸಲ ನೋಟರ್ ಡೇಮ್ ಕಡೆ ಮೈದಾನದಲ್ಲಿ ಇದ್ದದ್ದು ಹತ್ತೇ ಜನ! ಹನ್ನೊಂದನೆಯವನು ಒಳಗೆ ಬಂದೇ ಇರಲಿಲ್ಲ. ನಾವು ಎಷ್ಟು ಗಟ್ಟಿ ಅಂತ ಸಾಬೀತಾದದ್ದು ಒಬ್ಬ ಕಡಿಮೆ ಇದ್ದ ಸಾಲಿನ ಎದುರು. ಈ ವಿಷಯ ಎತ್ತಿದರೆ ನನ್ನ ಆಫೀಸಿನಲ್ಲಿ ಎರಡು ದಿನ ಯಾರೂ ಜೊತೆಗೆ ಊಟಕ್ಕೆ ಬರಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. 2024ರ ನವೆಂಬರ್ 30ರಂದು ಮಿಷಿಗನ್ ಮತ್ತೆ ಬಂತು. ಆ ವರ್ಷ ಅವರದ್ದು ಸುಮಾರಾದ ತಂಡ. ಬಾಜಿ ಕಟ್ಟುವವರು ಓಹಾಯೋ ಸ್ಟೇಟ್ ಇಪ್ಪತ್ತು ಅಂಕದ ಆಸುಪಾಸಿನಲ್ಲಿ ಗೆಲ್ಲುತ್ತದೆ ಅಂತ ಲೆಕ್ಕ ಹಾಕಿದ್ದರು. ನಮ್ಮಲ್ಲಿ ಗಾಳಿಯಲ್ಲಿ ಬಂದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯುವ ಜೆರಮಾಯಾ ಸ್ಮಿತ್ ಇದ್ದ. ಅವರ ಕಡೆ ಮಧ್ಯದಲ್ಲಿ ಮೇಸನ್ ಗ್ರಹಾಮ್, ಕೆನ್ನೆತ್ ಗ್ರಾಂಟ್ ಎಂಬ ಎರಡು ಬಂಡೆಗಳು. ಮುಂದಿನ ವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಇಬ್ಬರೂ ಮೊದಲ ಸುತ್ತಿನಲ್ಲೇ ಹೋದರು. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಬಂಡೆ ಬಿಟ್ಟು ಪಕ್ಕದಲ್ಲಿ ಹೋಗುತ್ತಾರೆ, ಅಲ್ವಾ? ನಮ್ಮವರು ಹೋಗಿ ಹೋಗಿ ಆ ಇಬ್ಬರ ನಡುವೆಯೇ ನುಗ್ಗಿದರು. 26 ಓಟ, 77 ಗಜ. 13-10ರಿಂದ ಸೋತರು. ಮಿಷಿಗನ್ ಎದುರು ಸತತ ನಾಲ್ಕನೇ ಸೋಲು. ಡೇ ಮನಸ್ಸಿನಲ್ಲಿ ಏನಿತ್ತೋ, ನಾನು ಒಳಗೆ ಹೊಕ್ಕು ನೋಡಿಲ್ಲ. ಆದರೆ "ಮೆತ್ತಗಿನ ತಂಡ" ಅನ್ನುವ ಮಾತು ಕಿವಿಯಲ್ಲಿ ಗುಂಯ್‌ಗುಡದೆ ಇದ್ದಿದ್ದರೆ ಇಂಥ ಆಟ ಆಡುತ್ತಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಮ್ಯಾಚ್ ಮುಗಿದ ಮೇಲೆ ಮಿಷಿಗನ್ ಹುಡುಗರು ನಮ್ಮ ಮೈದಾನದ ಮಧ್ಯೆ ಬಾವುಟ ನೆಡೋಕೆ ಹೋದರು, ದೊಡ್ಡ ಹೊಡೆದಾಟವೇ ಆಯಿತು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ಕಾಲೇಜಿಗೆ ತಲಾ ಒಂದು ಲಕ್ಷ ಡಾಲರ್ ದಂಡ. ಓಹಾಯೋ ಸ್ಟೇಟ್ ಹುಡುಗರು ಅರವತ್ತು ನಿಮಿಷದ ಆಟದಲ್ಲಿ ತೋರಿಸದ ರೋಷವನ್ನು ಬಾವುಟದ ಮೇಲೆ ತೋರಿಸಿದರು.

ಸ್ವಲ್ಪ ದಿನದಲ್ಲೇ ಪ್ಲೇಆಫ್ ಶುರುವಾಯಿತು. ಅದೇ ತಂಡ ಟೆನೆಸ್ಸಿಯನ್ನು 42-17, ಒರೆಗನ್ ಅನ್ನು 41-21ರಿಂದ ಬಡಿಯಿತು. ಫೈನಲ್‌ನಲ್ಲಿ ಮತ್ತೆ ನೋಟರ್ ಡೇಮ್. ಆಟ ಕೈಜಾರುವ ಹಾಗಿದ್ದಾಗ ಸ್ಮಿತ್‌ಗೆ 56 ಗಜದ ಎಸೆತ ಎಸೆದರು, ಅಲ್ಲಿಗೆ ಮುಗಿಯಿತು. 34-23, ದೇಶಕ್ಕೇ ಚಾಂಪಿಯನ್. ಅವತ್ತು ಯಾರೂ ನಾಜೂಕು ಅಂತ ಹಂಗಿಸಲಿಲ್ಲ.

ಹೆದರಿಸುವ ಕಲೆಯಲ್ಲಿ ಓಹಾಯೋದವರು ಎಳಸು ಬಿಡಿ. ಮೇಷ್ಟ್ರು ಅಂದರೆ ಎಂಬತ್ತರ ದಶಕದ ಮಯಾಮಿ. 1987ರ ಜನವರಿ 2, ಅರಿಝೋನಾದಲ್ಲಿ ಫಿಯೆಸ್ಟಾ ಬೌಲ್ (ಸೀಸನ್ನಿನ ಕೊನೆಯ ದೊಡ್ಡ ಮ್ಯಾಚುಗಳನ್ನು ಬೌಲ್ ಅನ್ನುತ್ತಾರೆ), ಚಾಂಪಿಯನ್ ಪಟ್ಟಕ್ಕೆ ಪೆನ್ ಸ್ಟೇಟ್ ಜೊತೆ ಮ್ಯಾಚ್. ಮಯಾಮಿ ಹುಡುಗರು ಯುದ್ಧಕ್ಕೆ ಹೊರಟವರ ಹಾಗೆ ಮಿಲಿಟರಿ ಬಟ್ಟೆ ಹಾಕಿಕೊಂಡು ಬಂದಿಳಿದರು. ಮ್ಯಾಚಿಗೆ ಮೊದಲು ಎರಡೂ ತಂಡಕ್ಕೆ ಒಟ್ಟಿಗೆ ಊಟ ಇಟ್ಟಿದ್ದರು. ಅಲ್ಲಿ ಮಯಾಮಿಯ ಜೆರೋಮ್ ಬ್ರೌನ್ ಎದ್ದು ನಿಂತು, ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕುವ ಮೊದಲು ಜಪಾನಿನವರು ಅಮೆರಿಕದವರ ಜೊತೆ ಕೂತು ಊಟ ಮಾಡಿದ್ದರಾ ಅಂತ ಕೇಳಿ, ತಂಡವನ್ನೆಲ್ಲ ಎಬ್ಬಿಸಿಕೊಂಡು ಹೋದ. ಪೆನ್ ಸ್ಟೇಟ್‌ನ ಪಂಟರ್, ಅಂದರೆ ಚೆಂಡನ್ನು ದೂರಕ್ಕೆ ಒದೆಯುವ ಆಟಗಾರ, ಜಾನ್ ಬ್ರೂನೊ ಕೂತಲ್ಲೇ ಕೊಟ್ಟ ಉತ್ತರ ಕೇಳಿ: ಆ ಯುದ್ಧದಲ್ಲಿ ಸೋತವರು ಜಪಾನಿನವರೇ ಅಲ್ವಾ?

ಮೈದಾನದಲ್ಲಿ ಆದದ್ದೂ ಅದೇ. ಮಯಾಮಿ 445 ಗಜ ಆಡಿತು, ಪೆನ್ ಸ್ಟೇಟ್ ಬರೀ 162. ಆದರೂ 14-10ರಿಂದ ಗೆದ್ದದ್ದು ಪೆನ್ ಸ್ಟೇಟ್. ಆ ವರ್ಷದ ದೇಶದ ಅತ್ಯುತ್ತಮ ಆಟಗಾರ ಎಂದು ಹೈಸ್ಮನ್ ಪ್ರಶಸ್ತಿ ಗೆದ್ದಿದ್ದ ಮಯಾಮಿಯ ವಿನ್ನಿ ಟೆಸ್ಟಾವರ್ಡಿ ಐದು ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದ. ಪೆನ್ ಸ್ಟೇಟ್‌ನವರು ಹಿಂದೆ ಜಾಸ್ತಿ ಜನರನ್ನು ನಿಲ್ಲಿಸಿ ದಾರಿ ಮುಚ್ಚಿದ್ದರು. ಚೆಂಡು ಹಿಡಿಯೋಕೆ ಯಾರಾದರೂ ನೆಗೆದರೆ ಪಕ್ಕೆಗೆ ಬಂದು ಗುದ್ದುತ್ತಿದ್ದರು. ಅವರಲ್ಲಿ ರೇ ಐಸಮ್ ಅಂತ ಒಬ್ಬ, ಈ ಆಟದ ಲೆಕ್ಕಕ್ಕೆ ಕುಳ್ಳ. ಒಂದೆರಡು ಪೆಟ್ಟು ತಿಂದ ಮೇಲೆ ಮಯಾಮಿ ಹುಡುಗರು ಚೆಂಡು ಬರುವ ಮೊದಲೇ ಪೆಟ್ಟು ಎಲ್ಲಿಂದ ಬರುತ್ತದೆ ಅಂತ ನೋಡತೊಡಗಿದರು. ಕೈಗೆ ಬಂದ ಚೆಂಡುಗಳು ನೆಲಕ್ಕೆ ಬಿದ್ದವು. ಮೈಸೂರಿನ ಗರಡಿಯ ಹಳೆಯ ಪೈಲ್ವಾನರು ಹೇಳುವ ಹಾಗೆ, ಜಾಸ್ತಿ ತೊಡೆ ತಟ್ಟುವವನಿಗೆ ಹೆದರಬೇಡ, ಸುಮ್ನೆ ಮಣ್ಣು ಉಜ್ಜಿಕೊಳ್ಳುತ್ತಾ ನಿಂತವನನ್ನು ನೋಡಿಕೋ.

ಬೆದರಿಸಿದವರು ಗೆದ್ದದ್ದೂ ಇದೆ, ಸುಳ್ಳು ಹೇಳಬಾರದು. ಇದೇ ಮಯಾಮಿ 1991ರ ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ತಂಡವನ್ನು ಹಂಗಿಸಿ, ಕುಣಿದು, ತಪ್ಪುಗಳಿಗಾಗಿ ಒಟ್ಟು 202 ಗಜ ಹಿಂದೆ ಸರಿಯುವ ದಂಡ ತಿಂದೂ 46-3ರಿಂದ ಗೆದ್ದಿತು. ಆದರೆ ಆ ತಂಡದಲ್ಲಿ ಆಟವೂ ಅಷ್ಟೇ ಇತ್ತು. ಕುಣಿಯದಿದ್ದರೂ ಗೆಲ್ಲುತ್ತಿದ್ದರು. ಅದಾದ ಮೇಲೆ ಹಂಗಿಸುವುದರ ಮೇಲಿನ ನಿಯಮ ಬಿಗಿ ಮಾಡಿದರು.

ಹೆದರಿಸುವುದರಲ್ಲಿ ನನಗೆ ಇಷ್ಟವಾದವರು ಒಬ್ಬರೇ, ಅಯೋವಾದ ಕೋಚ್ ಹೇಡನ್ ಫ್ರೈ. ಸೈಕಾಲಜಿ ಓದಿದ ಮನುಷ್ಯ. ತಮ್ಮ ಸ್ಟೇಡಿಯಮ್ಮಿನಲ್ಲಿ ಎದುರಾಳಿ ತಂಡ ಬಟ್ಟೆ ಬದಲಿಸುವ ಕೋಣೆಗೆ ಪೂರ್ತಿ ಗುಲಾಬಿ ಬಣ್ಣ ಹೊಡೆಸಿಬಿಟ್ಟರು. ಮಿಷಿಗನ್‌ನ ಬೋ ಶೆಂಬೆಕ್ಲರ್, ಮಹಾ ಗತ್ತಿನ ಕೋಚ್, ತಮ್ಮ ಸಹಾಯಕರಿಂದ ಗೋಡೆಗಳಿಗೆಲ್ಲ ಪೇಪರ್ ಅಂಟಿಸಿ ಮುಚ್ಚಿಸುತ್ತಿದ್ದರಂತೆ. ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ, ಎದುರಾಳಿ ಮ್ಯಾಚಿಗೆ ಮೊದಲು ಗೋಡೆ ಮುಚ್ಚುತ್ತಾ ಕೂತಿದ್ದಾನೆ!

ಇಷ್ಟರವರೆಗೆ ನಗಬಹುದು. ಈ ಗಟ್ಟಿತನದ ಗೀಳು ಅಭ್ಯಾಸದ ಮೈದಾನಕ್ಕೆ ಬಂದಾಗ ನಗುವ ವಿಷಯ ಅಲ್ಲ.

1954ರಲ್ಲಿ ಕೋಚ್ ಬೇರ್ ಬ್ರಯಂಟ್ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಜಂಕ್ಷನ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದರು. ಬರಗಾಲ, ಕಲ್ಲುಮುಳ್ಳಿನ ನೆಲ, ಹತ್ತು ದಿನದ ಕ್ಯಾಂಪ್, ಅಭ್ಯಾಸದ ನಡುವೆ ನೀರು ಕುಡಿಯುವ ಹಾಗಿಲ್ಲ. ಅರ್ಧಕ್ಕಿಂತ ಜಾಸ್ತಿ ಹುಡುಗರು ಬಿಟ್ಟು ಓಡಿದರು. ಒಬ್ಬ ಬಿಸಿಲಿನ ಹೊಡೆತಕ್ಕೆ ಕುಸಿದು ಬಿದ್ದು, ಹೇಗೋ ಬದುಕಿಕೊಂಡ. ಇವತ್ತಿಗೂ ಇದನ್ನು ಪುರಾಣದ ಹಾಗೆ ಹೇಳುತ್ತಾರೆ: ಬೆಂಕಿಯಲ್ಲಿ ಬೆಂದು ಬಂದವರು, 1956ರಲ್ಲಿ ಒಂದೂ ಸೋಲದೆ ಆಡಿದರು ಅಂತ. ನಡುವಿನ ಪುಟ ಯಾರೂ ಓದಲ್ಲ. ಬೆಂದು ಬಂದ ಆ ವರ್ಷ ತಂಡ ಗೆದ್ದದ್ದು ಒಂದು, ಸೋತದ್ದು ಒಂಬತ್ತು. ಬ್ರಯಂಟ್ ಅವರ ಇಡೀ ಜೀವನದಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಆದ ವರ್ಷ ಅದೊಂದೇ. 1956ರ ತಂಡದ ದೊಡ್ಡ ಹೆಸರು ಜಾನ್ ಡೇವಿಡ್ ಕ್ರೋ ಜಂಕ್ಷನ್‌ಗೆ ಹೋಗಿಯೇ ಇರಲಿಲ್ಲ.

ಈ ಪುರಾಣ ನಂಬಿದವರ ಕೈಗೆ ಹುಡುಗರು ಸಿಕ್ಕರೆ ಏನಾಗುತ್ತದೆ? 2018ರ ಮೇ 29, ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಜೋರ್ಡನ್ ಮೆಕ್‌ನೇರ್, 19 ವರ್ಷ, ಮುಂದಿನ ಸಾಲಿನ ಭಾರೀ ಹುಡುಗ. ಹುಡುಗರು 110 ಗಜದ ಓಟಗಳನ್ನು ಒಂದರ ಹಿಂದೆ ಒಂದು ಓಡಬೇಕಿತ್ತು. ಅವನಿಗೆ ಕೊನೆಗೆ ನಿಲ್ಲೋಕೂ ಆಗುತ್ತಿರಲಿಲ್ಲ. ಆಸ್ಪತ್ರೆ ಸೇರುವಾಗ ಮೈ 106 ಡಿಗ್ರಿ ಸುಡುತ್ತಿತ್ತು. ಇದಕ್ಕೆ ಮೊದಲ ಚಿಕಿತ್ಸೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವುದು. ಅದಕ್ಕೆ ದೊಡ್ಡ ಡಾಕ್ಟರ್ ಬೇಕಿಲ್ಲ, ನೀರು ಮತ್ತು ಐಸ್ ಸಾಕು. ಅದನ್ನು ಮಾಡಲಿಲ್ಲ. ಜೂನ್ 13ರಂದು ಹುಡುಗ ತೀರಿಕೊಂಡ. ಆಮೇಲೆ ಆ ತಂಡದಲ್ಲಿ ಹುಡುಗರನ್ನು ಬೈದು, ಹೀಯಾಳಿಸಿ, ಹೆದರಿಸಿ "ಗಟ್ಟಿ" ಮಾಡುತ್ತಿದ್ದ ಕಥೆಗಳು ಒಂದೊಂದೇ ಹೊರಬಂದವು. ರಜೆಯ ಮೇಲೆ ಕಳಿಸಿದ್ದ ಹೆಡ್ ಕೋಚ್‌ನನ್ನು ಅಕ್ಟೋಬರ್ 30ರಂದು ವಾಪಸ್ ತೆಗೆದುಕೊಂಡು, ಜನ ಉಗಿದ ಮೇಲೆ ಮರುದಿನವೇ ಕಿತ್ತುಹಾಕಿದರು.

ಸುಸ್ತಾಗುತ್ತಿದೆ ಎಂದು ಹೇಳುವ ಹುಡುಗನನ್ನು ಮೆತ್ತಗಿನವನು ಅನ್ನುವ ಜಾಗದಲ್ಲಿ ಯಾರು ತಾನೇ ಬಾಯಿ ಬಿಡುತ್ತಾರೆ ಹೇಳಿ. 2021ರಲ್ಲಿ ಕಾಲೇಜ್ ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ, ಇಬ್ಬರನ್ನು ಎದುರುಬದುರು ನಿಲ್ಲಿಸಿ ಡಿಕ್ಕಿ ಹೊಡೆಸುವ ಓಕ್ಲಹೋಮ ಡ್ರಿಲ್‌ನಂಥ ಅಭ್ಯಾಸಗಳನ್ನು ನಿಷೇಧಿಸಿತು. ಆಗಲೂ ಆಟ ಹೆಂಗಸರದ್ದಾಯಿತು ಅಂತ ಗೊಣಗಿದವರು ಇದ್ದರು. ಮೂರು ಹೆತ್ತ ನಮ್ಮ ಅಕ್ಕನನ್ನು ಅವರಿಗೆ ಪರಿಚಯ ಮಾಡಿಸಬೇಕು.

ಇದೆಲ್ಲ ಬರೆದದ್ದಕ್ಕೆ ಒಂದು ಕಾರಣ ಇದೆ. ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲೂ ಈಗ ಹೈಸ್ಕೂಲ್ ಫುಟ್‌ಬಾಲ್ ಸೇರುತ್ತೇನೆ ಅನ್ನುವ ಹುಡುಗರು ಬೆಳೆಯುತ್ತಿದ್ದಾರೆ. ಬೇಡ ಅಂತ ನಾನು ಹೇಳಲ್ಲ, ಚೆನ್ನಾದ ಆಟ. ಕೋಚ್ ಎಷ್ಟು ಸ್ಟ್ರಿಕ್ಟ್, ತಂಡ ಎಷ್ಟು ಗೆದ್ದಿದೆ ಅಂತ ವಿಚಾರಿಸುವ ಅಪ್ಪಂದಿರೇ, ಆಗಸ್ಟಿನ ಮೊದಲ ಅಭ್ಯಾಸದ ದಿನ ಒಂದು ಸುತ್ತು ಮೈದಾನಕ್ಕೆ ಹೋಗಿ. ಐಸ್ ನೀರಿನ ತೊಟ್ಟಿ ಎಲ್ಲಿಟ್ಟಿದ್ದೀರಿ ಅಂತ ಕೇಳಿ. ಅಭ್ಯಾಸ ನಿಲ್ಲಿಸಿ ಅಂತ ಕೋಚ್‌ಗೇ ಹೇಳುವ ಅಧಿಕಾರ ಯಾರಿಗಿದೆ, ಅವರು ಇವತ್ತು ಬಂದಿದ್ದಾರಾ ಅಂತಲೂ ಕೇಳಿ. ಕೋಚ್ ನಕ್ಕು ಭುಜ ತಟ್ಟಿ ಕಳಿಸಿದರೆ, ಹುಡುಗನನ್ನು ಕಾರು ಹತ್ತಿಸಿಕೊಂಡು ಮನೆಗೆ ಬನ್ನಿ.