ರೀ, ಅದು ಮಂಗಳವಾರ ಅಲ್ಲ

ನಮ್ಮ ಮಾವ ಯಾವ ಕಥೆಯನ್ನೂ ಒಬ್ಬರೇ ಹೇಳಿ ಮುಗಿಸಿದವರಲ್ಲ. "ಅವತ್ತು ಮಂಗಳವಾರ. ಜೋರು ಮಳೆ. ಬಸ್‌ಸ್ಟಾಂಡಿಗೆ ಹೋಗ್ತೀನಿ..." ಎಂದು ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು.

"ರೀ, ಅದು ಮಂಗಳವಾರ ಅಲ್ಲ. ಬುಧವಾರ."

"ಮಂಗಳವಾರ ಕಣೇ. ಮಾರನೇ ದಿನ ನಾನು ರಜಾ ಹಾಕಿದ್ದೆ."

"ನೀವು ರಜಾ ಹಾಕಿದ್ದು ಗುರುವಾರ. ಆಮೇಲೆ, ಮಳೆ ಎಲ್ಲಿತ್ತು ಅವತ್ತು? ಬರೀ ಮೋಡ."

ಇನ್ನು ಮಳೆ ಬಂದಿತ್ತೋ ಇಲ್ಲವೋ ಎಂಬುದು ತೀರ್ಮಾನವಾಗಬೇಕು. ಅದಕ್ಕೆ ಮಾವನ ಕೊಡೆ ಆಗ ಎಲ್ಲಿತ್ತು ಎಂಬ ವಿಚಾರಣೆ. ಕೊಡೆಯನ್ನು ಯಾರೋ ತೆಗೆದುಕೊಂಡು ಹೋಗಿದ್ದರು ಎಂದ ಮೇಲೆ ಆ ಯಾರೋ ಯಾರು ಎಂಬ ಚರ್ಚೆ. ಕೇಳಲು ಕೂತವರು ಕೂತೇ ಇರಬೇಕು. ಆ ಬಸ್ಸು ಕೊನೆಗೂ ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮದುವೆಯಾದ ಹೊಸದರಲ್ಲಿ ನನಗೆ ಇದನ್ನೆಲ್ಲ ಕಂಡು ಗಾಬರಿ. ಇವರಿಬ್ಬರಿಗೆ ಆಗಿಬರುವುದಿಲ್ಲ ಎಂದೇ ತಿಳಿದಿದ್ದೆ. ಗಂಡನ ಮುಖ ನೋಡಿದರೆ ಅವರು ಆರಾಮಾಗಿ ಪೇಪರ್ ಓದುತ್ತಿದ್ದರು. "ಜಗಳ ಆಡ್ತಿದ್ದಾರಲ್ರೀ" ಎಂದರೆ, "ಯಾರು?" ಎಂದು ಕೇಳಿದರು!

ಆಮೇಲೆ ಯೋಚಿಸಿದಾಗ ಹೊಳೆದದ್ದು ಇಷ್ಟು. ಮಕ್ಕಳು ಅಪ್ಪ ಅಮ್ಮನನ್ನು ನೋಡಿರುತ್ತಾರೆಯೇ ಹೊರತು ಗಂಡ ಹೆಂಡತಿಯನ್ನು ನೋಡಿರುವುದಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು, ಅದರಲ್ಲಿ ಅವರಿಗೆ ಕುತೂಹಲ ಯಾಕಿರಬೇಕು? ಸೊಸೆಯ ಕಥೆ ಬೇರೆ. ಅರ್ಧ ಮುಗಿದ ನಾಟಕಕ್ಕೆ ಹೋಗಿ ಮೊದಲನೇ ಸಾಲಿನಲ್ಲಿ ಕೂತ ಹಾಗೆ ಅವಳ ಸ್ಥಿತಿ. ಹಿಂದೆ ಏನಾಗಿದೆಯೋ ಗೊತ್ತಿಲ್ಲ, ಆದರೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅವಳೂ ಈಗಷ್ಟೇ ಸಂಸಾರ ಶುರು ಮಾಡಿದವಳು. ಇದನ್ನು ಇಷ್ಟು ವರ್ಷ ಹೇಗೆ ಮಾಡುತ್ತಾರೆ ಎಂದು ತಿಳಿಯುವ ಗರಜು ಅವಳಿಗಿದೆ. ಅಳಿಯಂದಿರಿಗೂ ಹೀಗೇ ಇರಬಹುದು. ಅವರು ಬಾಯಿ ಬಿಟ್ಟು ಹೇಳುವುದು ಕಡಿಮೆ, ಅಷ್ಟೇ.

ನಾನು ಮೊದಲು ಗಮನಿಸಿದ್ದು ಕನ್ನಡಕ. ದಿನಾ ಬೆಳಗ್ಗೆ ಮಾವ ತಮ್ಮ ಕನ್ನಡಕ ಒರೆಸಿಕೊಳ್ಳುವಾಗ ಅತ್ತೆಯದನ್ನೂ ಕೇಳಿ ಇಸಕೊಳ್ಳುತ್ತಿದ್ದರು. ಗಾಜಿಗೆ ಬಾಯಿಂದ ಹಾ ಎಂದು ಹಬೆ ಬಿಟ್ಟು, ಬನಿಯನ್ನಿನ ಅಂಚಿನಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಉಜ್ಜಿ. ಉಜ್ಜುವಷ್ಟು ಹೊತ್ತೂ ಬೈಗುಳ. "ಇದರಲ್ಲಿ ನಿನಗೆ ಏನು ಕಾಣುತ್ತೆ ಅಂತ? ಗೋಡೆ ಯಾವುದು, ಬಾಗಿಲು ಯಾವುದು ಗೊತ್ತಾಗುತ್ತಾ?" ಅತ್ತೆ ಹಾಕಿಕೊಂಡು ಎರಡು ಸಲ ಕಣ್ಣು ಪಿಳಿಪಿಳಿ ಮಾಡಿ, "ಎಡಗಡೆ ಇನ್ನೂ ಕಲೆ ಇದೆ" ಎನ್ನುತ್ತಿದ್ದರು. ಥ್ಯಾಂಕ್ಸ್ ಎನ್ನುವ ಮಾತು ಆ ಮನೆಯಲ್ಲಿ ಹೊರಗಿನವರಿಗೆ ಮಾತ್ರ.

ಗಾಟ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ದಂಪತಿಗಳ ಮಾತುಕತೆಯನ್ನು ವಿಡಿಯೋ ಮಾಡಿ, ಕೂತು ಲೆಕ್ಕ ಹಾಕಿದವರು. ಜಗಳದ ಮಧ್ಯದಲ್ಲೂ ಒಂದು ಒರಟು ಮಾತಿಗೆ ಐದಾದರೂ ಒಳ್ಳೆಯ ಮಾತೋ, ನಗುವೋ, ತಲೆಯಾಡಿಸುವುದೋ ಇದ್ದರೆ ಆ ಸಂಸಾರ ಗಟ್ಟಿ ಎನ್ನುವುದು ಅವರ ಲೆಕ್ಕ. ನಮ್ಮ ಅತ್ತೆ ಮಾವನನ್ನು ಅವರ ಕ್ಯಾಮೆರಾದ ಮುಂದೆ ಕೂರಿಸಿದ್ದರೆ ಮೊದಲ ದಿನವೇ ಫೇಲು ಮಾಡುತ್ತಿದ್ದರೋ ಏನೋ. ಬೈಯುತ್ತಾ ಕನ್ನಡಕ ಒರೆಸುವುದನ್ನು ಯಾವ ಕಾಲಮ್ಮಿಗೆ ಹಾಕುತ್ತಾರೆ? ಬೈದದ್ದಕ್ಕೆ ಒಂದು ಮಾರ್ಕು ಕಳೆದು ಒರೆಸಿದ್ದಕ್ಕೆ ಐದು ಕೊಟ್ಟರೆ ಸರಿಹೋಗುತ್ತದೆ.

ಅವರದೇ ಇನ್ನೊಂದು ಲೆಕ್ಕ ನನಗೆ ಜಾಸ್ತಿ ಹಿಡಿಸಿತು. ಗಂಡನೋ ಹೆಂಡತಿಯೋ ಸುಮ್ನೆ "ಇಲ್ಲಿ ನೋಡು" ಎನ್ನುತ್ತಾರಲ್ಲ, ಆಗ ಇನ್ನೊಬ್ಬರು ಆ ಕಡೆ ತಿರುಗುತ್ತಾರಾ ಎಂದು ನೋಡಿದರಂತೆ. ಹೊಸದಾಗಿ ಮದುವೆಯಾದವರನ್ನು ಹೀಗೆ ಗಮನಿಸಿ, 6 ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಜೊತೆಯಲ್ಲೇ ಉಳಿದಿದ್ದ ಜೋಡಿಗಳು ಅಂಥ ಕರೆಗಳಲ್ಲಿ ನೂರಕ್ಕೆ 86ಕ್ಕೆ ಓಗೊಟ್ಟಿದ್ದವು. ಬೇರೆಯಾದವರು ಓಗೊಟ್ಟಿದ್ದು 33ಕ್ಕೆ.

ಈ ಪರೀಕ್ಷೆಯಲ್ಲಿ ನಮ್ಮ ಅತ್ತೆ ರ‍್ಯಾಂಕು. ಮಾವ ಪೇಪರ್ ಹಿಡಿದರೆ ಸಾಕು, "ಇಲ್ಲಿ ನೋಡೇ" ಶುರು. ಎಲ್ಲಿಯೋ ಕುರಿ ತಪ್ಪಿಸಿಕೊಂಡರೆ, ಯಾರೋ ಹಿಂದಕ್ಕೆ ಓಡಿ ರೆಕಾರ್ಡ್ ಮಾಡಿದರೆ, ಎಲ್ಲವೂ ಅತ್ತೆಗೆ ವರದಿಯಾಗಬೇಕು. ಅತ್ತೆ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ "ಹೌದಾ?" ಎನ್ನುತ್ತಿದ್ದರು. ಒಂದು ಸಲವೂ ತಪ್ಪಿಸಿದ್ದಿಲ್ಲ. "ಮಾವ ಏನಂದ್ರು ಅತ್ತೆ?" ಎಂದು ಕೇಳಿದರೆ, "ಯಾರಿಗೆ ಗೊತ್ತು, ಏನೋ ಅಂದ್ರು." ಕೇಳಿಸಿಕೊಳ್ಳದೇ ಇದ್ದದ್ದು ಮಾವನಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಆ "ಹೌದಾ" ಅಷ್ಟೇ ಎಂದು ಕಾಣುತ್ತದೆ.

2011ರಲ್ಲಿ ಅಮೆರಿಕದ ಹರ್ಬರ್ಟ್ ಫಿಶರ್ ಎಂಬ ಅಜ್ಜ ತೀರಿಕೊಂಡಾಗ ಒಂದು ಸುದ್ದಿ ಬಂದಿತ್ತು. ಅವರೂ ಅವರ ಹೆಂಡತಿ ಜೆಲ್ಮೈರಾ ಅವರೂ ಮದುವೆಯಾದದ್ದು 1924ರಲ್ಲಿ. ಒಟ್ಟು 86 ವರ್ಷಕ್ಕೂ ಮೀರಿದ ಸಂಸಾರ. ಗಿನ್ನಿಸ್ ದಾಖಲೆ. ಮಾವ ಇದನ್ನು ದನಿ ಏರಿಸಿ ಓದಿದರು. ಎಂದೂ ತಲೆ ಎತ್ತದ ಅತ್ತೆ ಅವತ್ತು ತಲೆ ಎತ್ತಿದರು. "86 ವರ್ಷಾನಾ? ಪಾಪ ಆಯಮ್ಮ!"

ಮಾವ ಇಡೀ ದಿನ ಆ ಮಾತನ್ನು ಬಂದವರಿಗೆಲ್ಲ ಹೇಳಿಕೊಂಡು ನಕ್ಕರು.

ಬಹಳ ಕಾಲ ಜೊತೆಗಿದ್ದವರ ಮುಖವೂ ಒಂದೇ ಥರ ಆಗುತ್ತದೆ ಎನ್ನುತ್ತಾರೆ. 1987ರಲ್ಲಿ ಝಾಯೆನ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು, ದಂಪತಿಗಳ ಮದುವೆಯ ಹೊಸದರ ಫೋಟೋ, 25 ವರ್ಷದ ನಂತರದ ಫೋಟೋ ಎರಡನ್ನೂ ಜನರಿಗೆ ತೋರಿಸಿ, ಹೌದು, ಹೋಲಿಕೆ ಹೆಚ್ಚುತ್ತದೆ ಎಂದಿದ್ದರು. 2020ರಲ್ಲಿ ಸ್ಟ್ಯಾನ್‌ಫರ್ಡಿನವರು 517 ಜೋಡಿಗಳ ಫೋಟೋ ಇಟ್ಟುಕೊಂಡು ನೋಡಿ, ಹಾಗೇನಿಲ್ಲ, ಹೋಲುವವರು ಮೊದಲಿಂದಲೇ ಹೋಲುತ್ತಿದ್ದರು ಎಂದರು. ನನ್ನ ವೋಟು ಸ್ಟ್ಯಾನ್‌ಫರ್ಡಿಗೆ. ಅತ್ತೆಯದು ದುಂಡು ಮುಖ, ಮಾವನದು ಉದ್ದ, ಕೊನೆಯವರೆಗೂ ಹಾಗೇ ಇದ್ದವು. ಆದರೆ ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಇನ್ನೊಂದು ಸಲ ಜಗ್ಗುವುದು ಇಬ್ಬರಿಗೂ ಇತ್ತು. ಯಾರಿಂದ ಯಾರಿಗೆ ಅಂಟಿತು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು.

ನೆನಪಿನ ಲೆಕ್ಕ ಮಾತ್ರ ನಾನು ಕಣ್ಣಾರೆ ಕಂಡದ್ದು. ಡೇನಿಯಲ್ ವೆಗ್ನರ್ ಎಂಬ ಮನಃಶಾಸ್ತ್ರಜ್ಞ 1985ರಲ್ಲಿ ಬರೆದರು: ಹತ್ತಿರದ ಇಬ್ಬರು ನೆನಪಿಟ್ಟುಕೊಳ್ಳುವ ಕೆಲಸವನ್ನೂ ಹಂಚಿಕೊಂಡುಬಿಡುತ್ತಾರೆ, ಎಲ್ಲವನ್ನೂ ಇಬ್ಬರೂ ನೆನಪಿಡಬೇಕಿಲ್ಲ, ಇನ್ನೊಬ್ಬರಿಗೆ ಗೊತ್ತಿದೆ ಎನ್ನುವುದು ಗೊತ್ತಿದ್ದರೆ ಸಾಕು. ನಮ್ಮನೆಯಲ್ಲಿ ಅದು ಪಕ್ಕಾ ಪಾಲಾಗಿತ್ತು. ಯಾರು ಯಾರಿಗೆ ಏನಾಗಬೇಕು, ಯಾರ ಮಗು ಯಾವ ಕ್ಲಾಸು, ಯಾರ ಮೇಲೆ ಯಾಕೆ ಸಿಟ್ಟು, ಇದೆಲ್ಲ ಅತ್ತೆಯ ಖಾತೆ. ನಂಬರು, ರಸೀದಿ, ಮಾತ್ರೆ, ದಾರಿ ಮಾವನದು. ಅತ್ತೆಗೆ ತಮ್ಮ ಮಾತ್ರೆಯ ಹೆಸರು ಗೊತ್ತಿರಲಿಲ್ಲ. ಮಾವನಿಗೆ ತಮ್ಮ ಸ್ವಂತ ತಂಗಿಯ ಮೊಮ್ಮಕ್ಕಳ ಹೆಸರು ಗೊತ್ತಿರಲಿಲ್ಲ. ನೆಂಟರು ಬಂದರೆ ಮಾವ "ಬನ್ನಿ ಬನ್ನಿ" ಎಂದು ಗಟ್ಟಿಯಾಗಿ ಹೇಳಿ, ಬಂದದ್ದು ಯಾರು ಎಂದು ತಿಳಿಯಲು ಮೆಲ್ಲಗೆ ಒಳಗೆ ಹೋಗುತ್ತಿದ್ದರು.

ಮಾವ ಹೋದ ಮೇಲೆ ಅತ್ತೆ ಒಂದಷ್ಟು ದಿನ ಮಾತ್ರೆಯ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ನಾನು ಬಣ್ಣ ಹೇಳಿಕೊಟ್ಟೆ. ಬೆಳಗ್ಗೆ ಬಿಳಿ, ರಾತ್ರಿ ಹಳದಿ. ಅದು ರೂಢಿಯಾಯಿತು. ಕಥೆ ಹೇಳುವುದು ಮಾತ್ರ ಕಷ್ಟವಾಯಿತು. ತಿದ್ದುವ ಕೆಲಸ ಅವರದಾಗಿತ್ತು, ಶುರು ಮಾಡುವುದು ಅಭ್ಯಾಸವಿರಲಿಲ್ಲ. ಒಂದು ಸಂಜೆ ಮೊಮ್ಮಕ್ಕಳು ಪೀಡಿಸಿದ್ದಕ್ಕೆ ಬಸ್ಸಿನ ಕಥೆ ತೆಗೆದರು. "ಅವತ್ತು ಮಂಗಳವಾರ. ಜೋರು ಮಳೆ."

"ಬುಧವಾರ ಅಲ್ವಾ ಅತ್ತೆ?" ಎಂದೆ.

"ಮಂಗಳವಾರಾನೇ ಇರಬೇಕು. ಅಷ್ಟು ಸಲ ಹೇಳಿದ್ರಲ್ಲ ಅವರು."

ಅದಾದ ಮೇಲೆ ನಾವಿಬ್ಬರೇ ಇದ್ದಾಗ ಅತ್ತೆ ಹಳೆಯದನ್ನೆಲ್ಲ ಹೇಳತೊಡಗಿದರು. ಮಕ್ಕಳಿಗೆ ಗೊತ್ತಿಲ್ಲದ್ದು ನನಗೆ ಸಿಕ್ಕಿದ್ದು ಹೀಗೆ. ಈಗ ನನ್ನ ಗಂಡನೂ ನಾದಿನಿಯೂ ತಮ್ಮ ಅಪ್ಪ ಅಮ್ಮನ ವಿಷಯಕ್ಕೆ ವಾದ ಬಿದ್ದರೆ ನನ್ನನ್ನು ಕೇಳುತ್ತಾರೆ. ಎಲ್ಲವನ್ನೂ ಹೇಳುವುದಿಲ್ಲ. ಇದೊಂದನ್ನು ಅತ್ತೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಮದುವೆಯಾದ ಮೊದಲ ವರ್ಷ ಏನೋ ಮಾತಿಗೆ ಮಾತು ಬೆಳೆದು ಅತ್ತೆ ಬ್ಯಾಗು ಹಿಡಿದು ತವರಿಗೆ ಹೋಗಿಬಿಟ್ಟಿದ್ದರಂತೆ. ಕಾರಣ ಈಗ ನೆನಪಿಲ್ಲ. ಕೆಲವು ದಿನ ಬಿಟ್ಟು ಮಾವ ಬಂದರು. ಜಗುಲಿಯ ತುದಿಯಲ್ಲಿ ಕೂತರು. ಅತ್ತೆಯ ಅಪ್ಪನ ಜೊತೆ ಹವೆಯ ವಿಷಯ ಮಾತಾಡಿದರು, ರಸ್ತೆಯ ವಿಷಯ ಮಾತಾಡಿದರು. ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಕೊನೆಗೆ ಮಾವ ಗಂಟಲು ಸರಿ ಮಾಡಿಕೊಂಡು ಆ ಕಡೆ ನೋಡದೆಯೇ ಕೇಳಿದರಂತೆ, "ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದೀಯಾ? ಸಿಗ್ತಾ ಇಲ್ಲ."

"ಎಲ್ಲಿತ್ತು ಅತ್ತೆ?"

"ಬೀರುವಿನಲ್ಲೇ ಇತ್ತು. ಚುಚ್ಚಿದ ಹಾಗೇ ಬಿಟ್ಟು ಬಂದಿದ್ದೆ. ಅವರಿಗೆ ಕಾಣದೆ ಇರುತ್ತಾ?"

"ಮತ್ತೆ ನೀವೇನು ಮಾಡಿದ್ರಿ?"

"ಏನು ಮಾಡೋದು, ಬಂದು ತೋರಿಸಿದೆ."