ಯಾರಿಗಾದರೂ ಬೆನ್ನು ನೋವಿದ್ದರೆ ಹೇಳಿ, ಒಬ್ಬರ ಹೆಸರು ಬರೆಸುವುದಿದೆ

2025ರ ಹೊಸ ವರ್ಷದ ಬೆಳಗ್ಗೆ ಸ್ಪೇನಿನ ಫುಟ್‌ಬಾಲ್ ಆಟಗಾರ ಡಾನಿ ಓಲ್ಮೊ ಯಾವ ಕ್ಲಬ್ಬಿನವನು? ಒಪ್ಪಂದ ಬಾರ್ಸಿಲೋನಾ ಜೊತೆ, ಅದೂ 2030ರವರೆಗೆ. ಸಂಬಳ ಕೊಡಬೇಕಾದದ್ದೂ ಬಾರ್ಸಿಲೋನಾವೇ. ಸ್ಪೇನಿನ ಲೀಗ್ ಲಾ ಲೀಗಾದ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ, ಹೆಸರಿಲ್ಲದವನು ಆಡುವಂತಿಲ್ಲ.

ಇದೇ ಹುಡುಗ 2014ರಲ್ಲಿ, 16ನೇ ವಯಸ್ಸಿಗೆ, ಬಾರ್ಸಿಲೋನಾದ ಕಿರಿಯರ ತರಬೇತಿ ಶಾಲೆ ಲಾ ಮಾಸಿಯಾ ಬಿಟ್ಟು ಕ್ರೊಯೇಷಿಯಾದ ಡಿನಾಮೊ ಜಾಗ್ರೆಬ್ ಸೇರಿದ್ದ. ಅಲ್ಲಿಂದ 2020ರಲ್ಲಿ ಜರ್ಮನಿಯ ಲೈಪ್ಜಿಗ್. ಎರಡೂ ಕಡೆ ಆಟಗಾರನ ಹೆಸರು ಬರೆಸಲು ವಕೀಲರು ಬೇಕಾಗಲಿಲ್ಲ. ಸ್ಪೇನ್ ತಂಡದ ಜೊತೆ ಯುರೋಪಿನ ದೇಶಗಳ ಟೂರ್ನಿ ಯೂರೋ 2024 ಗೆದ್ದು, ಮೂರು ಗೋಲು ಹೊಡೆದು, ತವರಿಗೆ ಬಂದ ನೋಡಿ, ಗ್ರಹಚಾರ ಶುರುವಾಯಿತು.

ಲೆಕ್ಕ ಹೀಗಿದೆ. ಪ್ರತಿ ಕ್ಲಬ್ಬಿನ ಆದಾಯ, ಸಾಲ ಎರಡನ್ನೂ ನೋಡಿ ಲೀಗ್ ಒಂದು ಖರ್ಚಿನ ಮಿತಿ ಹಾಕುತ್ತದೆ. ಆಟಗಾರನ ಸಂಬಳದ ಜೊತೆಗೆ ಅವನನ್ನು ಕೊಂಡ ಬೆಲೆಯ ವರ್ಷದ ಪಾಲೂ ಅದರೊಳಗೆ ಬರಬೇಕು. ಓಲ್ಮೊಗೆ ಕೊಟ್ಟದ್ದು ಸುಮಾರು 55 ಮಿಲಿಯನ್ ಯೂರೋ, ಒಪ್ಪಂದ ಆರು ವರ್ಷದ್ದು. ಅಂದರೆ ಸಂಬಳ ಬಿಟ್ಟು ವರ್ಷಕ್ಕೆ ಒಂಬತ್ತು ಮಿಲಿಯನ್ ಚಿಲ್ಲರೆ. ಮಿತಿ ಮೀರಿದ ಕ್ಲಬ್ ಎಷ್ಟು ಉಳಿಸಿದರೂ ಅದರಲ್ಲಿ ಒಂದು ಪಾಲನ್ನಷ್ಟೇ ಹೊಸಬರ ಮೇಲೆ ಖರ್ಚು ಮಾಡಬಹುದು. ಬಾರ್ಸಿಲೋನಾ ಮಿತಿ ಮೀರಿ ವರ್ಷಗಳೇ ಆಗಿದ್ದವು.

ಆದರೆ ನಿಯಮದಲ್ಲೊಂದು ಕಿಂಡಿಯಿದೆ. ಆಟಗಾರನೊಬ್ಬ ನಾಲ್ಕು ತಿಂಗಳಿಗೂ ಮೀರಿ ಗಾಯಾಳುವಾದರೆ ಅವನ ಸಂಬಳದ ಶೇ. 80ರವರೆಗೆ ಇನ್ನೊಬ್ಬನಿಗೆ ಬಳಸಬಹುದು. 2024ರ ಆಗಸ್ಟ್‌ನಲ್ಲಿ ಬಾರ್ಸಿಲೋನಾದ್ದೇ ಆಟಗಾರ ಆಂಡ್ರಿಯಾಸ್ ಕ್ರಿಸ್ಟೆನ್ಸನ್‌ನ ಹಿಮ್ಮಡಿ ನರ ಕೈಕೊಟ್ಟಿತು. ಪಾಪ, ಡೆನ್ಮಾರ್ಕಿನವನ ನೋವು ಸ್ಪೇನಿನವನಿಗೆ ಜಾಗ ಕೊಟ್ಟಿತು. ಓಲ್ಮೊ ರಾಯೋ ವಯ್ಯೆಕಾನೊ ವಿರುದ್ಧ ಇಳಿದು ಗೆಲುವಿನ ಗೋಲನ್ನೂ ಹೊಡೆದ. ಆ ನೋವಿನ ವಾಯಿದೆ ಡಿಸೆಂಬರ್ 31ಕ್ಕೆ ಮುಗಿಯಿತು, ಓಲ್ಮೊ ಹೆಸರೂ ಪಟ್ಟಿಯಿಂದ ಬಿತ್ತು.

ಈ ನೋವಿನ ಅಡಮಾನದ ವ್ಯಾಪಾರ ಅಷ್ಟಕ್ಕೇ ನಿಲ್ಲಲಿಲ್ಲ. 2025ರ ಬೇಸಿಗೆಯಲ್ಲಿ ಎಸ್ಪಾನ್ಯೋಲ್ ಗೋಲಿ ಜುವಾನ್ ಗಾರ್ಸಿಯಾನನ್ನು ಕರೆತಂದರು. ಊರೊಳಗಿನ ಎದುರಾಳಿ ಕ್ಲಬ್ಬಿನ ಹುಡುಗ. ಹೆಸರು ಬರೆಸಲು ಮತ್ತೆ ಜಾಗವಿಲ್ಲ. ಅದೇ ಹೊತ್ತಿಗೆ ನಾಯಕ ಟೆರ್ ಸ್ಟೇಗನ್ ಬೆನ್ನಿನ ಶಸ್ತ್ರಚಿಕಿತ್ಸೆಗೆ ಹೋಗುವಾಗ ಮೂರು ತಿಂಗಳಲ್ಲಿ ಬರುತ್ತೇನೆ ಅಂದುಬಿಟ್ಟ. ಮೂರಾ? ಕ್ಲಬ್ಬಿಗೆ ಬೇಕಿದ್ದದ್ದು ನಾಲ್ಕು! ತನ್ನ ವೈದ್ಯಕೀಯ ವರದಿ ಲೀಗಿಗೆ ಕಳಿಸಲು ಸಹಿ ಹಾಕಲೊಪ್ಪದವನ ನಾಯಕತ್ವ ಆಗಸ್ಟ್ 7ಕ್ಕೆ ಹೋಯಿತು. ಸಹಿ ಹಾಕಿದ, ಮರುದಿನವೇ ವಾಪಸ್ ಬಂತು. ಬೇಗ ಗುಣವಾಗುತ್ತೇನೆ ಅನ್ನುವುದು ಅಶಿಸ್ತು ಎನಿಸಿಕೊಂಡದ್ದು ವೈದ್ಯಶಾಸ್ತ್ರದಲ್ಲಿ ಇದೇ ಮೊದಲಿರಬೇಕು.

ಓಲ್ಮೊ ವಿಷಯಕ್ಕೆ ಬರೋಣ. 2024ರ ಡಿಸೆಂಬರ್ ಕೊನೆಗೆ ಕ್ಲಬ್ ಎರಡು ಸಲ ಕೋರ್ಟ್ ಮೆಟ್ಟಿಲು ಹತ್ತಿತು, ಎರಡು ಸಲವೂ ಬರಿಗೈ. ಆಮೇಲೆ ತನ್ನ ಸ್ವಂತ ಕ್ರೀಡಾಂಗಣ ಕ್ಯಾಂಪ್ ನೌನ ವಿಐಪಿ ಆಸನಗಳನ್ನು ಸುಮಾರು 100 ಮಿಲಿಯನ್ ಯೂರೋಗೆ ದೀರ್ಘಾವಧಿಗೆ ಮಾರಿದರು. ಯಾವ ಕ್ಯಾಂಪ್ ನೌ? ಕಾಮಗಾರಿ ಮುಗಿಯದ್ದು. ತಂಡ ಆಗ ಆಡುತ್ತಿದ್ದದ್ದು ಮೋನ್ಜುಯಿಕ್ ಗುಡ್ಡದ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಗೊತ್ತಿತ್ತು; ಇವರು ಕುಲಾವಿ ಮಾರಿಯೇಬಿಟ್ಟರು. ಅಷ್ಟಾದರೂ ಹೊತ್ತು ಮೀರಿತ್ತು. ಆಟಗಾರನ ಒಮ್ಮೆ ರದ್ದಾದ ಪರವಾನಗಿಯನ್ನು ಅದೇ ಕ್ಲಬ್ ಅದೇ ಸೀಸನ್‌ನಲ್ಲಿ ಮತ್ತೆ ಮಾಡಿಸುವಂತಿಲ್ಲ ಎಂದು ಸ್ಪೇನಿನ ಫುಟ್‌ಬಾಲ್ ಫೆಡರೇಷನ್ ನಿಯಮ. ಕೊನೆಗೆ ಜನವರಿ 8ರಂದು ಸರ್ಕಾರದ ಕ್ರೀಡಾ ಮಂಡಳಿ ಮಧ್ಯೆ ಬಂದು, ಸದ್ಯಕ್ಕೆ ಆಡಲಿ ಅಂದಿತು. ಏಪ್ರಿಲ್‌ನಲ್ಲಿ ಲೀಗ್, ಆ ಆಸನಗಳ ದುಡ್ಡು ಲೆಕ್ಕಪರಿಶೋಧಕರ ಪುಸ್ತಕದಲ್ಲೇ ಇಲ್ಲ ಎಂದು ಬೊಬ್ಬೆ ಹೊಡೆಯಿತು. ಅದರ ಬೆನ್ನಿಗೇ ಮಂಡಳಿಯ ಅಂತಿಮ ತೀರ್ಪು: ಆಡಲಿ.

ಆಡಲಿ, ಬೇಡವೆಂದವರಾರು? ಇದೇ ಕ್ಯಾಟಲೋನಿಯಾದಲ್ಲಿ ರೆಯುಸ್ ಅನ್ನುವ ಊರಿದೆ. ಅಲ್ಲಿಯ ಕ್ಲಬ್ಬಿಗೆ 2018ರಲ್ಲಿ ಇದೇ ಮಿತಿ ತೋರಿಸಿ, ಹಲವು ಆಟಗಾರರ ಹೆಸರು ಬರೆಸಲು ಬಿಡಲಿಲ್ಲ. ಸಂಬಳ ನಿಂತಿತು, 2019ರ ಜನವರಿಯಲ್ಲಿ ಸೀಸನ್ ನಡುವೆಯೇ ಲೀಗಿನಿಂದ ಆಚೆ ಹಾಕಿದರು. ದುಡ್ಡು ಕೊಡದ ಮಾಲೀಕನ ತಪ್ಪು, ಸರಿ. ಆಟಗಾರರದ್ದೇನಿತ್ತು? ಅವರ ಬಳಿ ಮಾರಲು ವಿಐಪಿ ಆಸನಗಳಿರಲಿಲ್ಲ, ಅವರಿಗಾಗಿ ಯಾವ ಮಂಡಳಿಯೂ ರಾತ್ರೋರಾತ್ರಿ ಆದೇಶ ತರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಅನ್ನುವವರ ಮುಖ ನೋಡಲೂ ಬೇಸರವಾಗುತ್ತದೆ.

ಅಂದಹಾಗೆ, ಓಲ್ಮೊ ಜೊತೆಗೆ ಡಿಸೆಂಬರ್ 31ರ ಅದೇ ರಾತ್ರಿ ಪಟ್ಟಿಯಿಂದ ಬಿದ್ದ ಇನ್ನೊಬ್ಬನಿದ್ದ: ಪಾವ್ ವಿಕ್ಟರ್. ಆಗ 23 ವರ್ಷ. ಜಿರೋನಾದಿಂದ ಬಂದವನು. ಸುದ್ದಿಯಲ್ಲೆಲ್ಲ "ಓಲ್ಮೊ ಮತ್ತು" ಎಂಬುದರ ಬಾಲ. 2025ರ ಬೇಸಿಗೆಯಲ್ಲಿ ಅವನನ್ನು ಪೋರ್ಚುಗಲ್‌ನ ಬ್ರಾಗಾಗೆ ಮಾರಿದರು. ಬಂದ ದುಡ್ಡನ್ನು ಅದೇ ಮಿತಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡರು.